ಅಪ್ಪ ಹತ್ತದ ಗುಡ್ಡ, ನಾನು ಬರೆದ ಪ್ರಬಂಧ

ಓದು ಮುಗಿಸಿ ಕೆಲಸ ಸಿಗದೆ ಮನೆಯಲ್ಲಿ ಕುಳಿತವರಿಗೆ ರಜೆ ಎಂಬುದೇ ಇರುವುದಿಲ್ಲ. ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಬೆಳಿಗ್ಗೆ ಗ್ರಂಥಾಲಯ, ಮಧ್ಯಾಹ್ನ ಹಳೆಯ ಪ್ರಶ್ನೆಪತ್ರಿಕೆ, ಸಂಜೆ ಟೆಲಿಗ್ರಾಂ ಗುಂಪಿನಲ್ಲಿ 'ನೋಟಿಫಿಕೇಶನ್ ಯಾವಾಗಂತೆ?' ಎಂಬ ಮುಗಿಯದ ಚರ್ಚೆ. ಬಿ.ಎಸ್ಸಿ. ಮುಗಿಸಿ ಮೂರು ವರ್ಷವಾದ ನನ್ನ ದಿನಚರಿಯೂ ಇದೇ. ಹಾಗಾಗಿ ದೀಪಾವಳಿ ಕಳೆದ ಮೇಲೆ ಇಬ್ಬರು ಗೆಳತಿಯರು ಫೋನ್ ಮಾಡಿ, "ಕುದುರೆಮುಖ ಟ್ರೆಕ್ಕಿಂಗ್ ಹೋಗೋಣ ಕಣೇ, ಎರಡು ದಿನ ರಜೆ ಇದೆ" ಎಂದಾಗ ಮೊದಲು ಆಗಿದ್ದು ಖುಷಿಯಲ್ಲ, ಸಣ್ಣ ಹೊಟ್ಟೆಕಿಚ್ಚು. ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು. "ಖರ್ಚು ಎಷ್ಟಾಗುತ್ತೆ?" ಎಂದು ಕೇಳಿ ಸುಮ್ಮನಾದೆ.

ರಾತ್ರಿ ಊಟಕ್ಕೆ ಕುಳಿತಾಗ ವಿಷಯ ಹೇಳಿದೆ. "ಹೋಗಿ ಬಾ, ಯಾವಾಗ ನೋಡಿದ್ರೂ ಪುಸ್ತಕ" ಎಂದಳು ಅಮ್ಮ. ಅಪ್ಪ ಏನೂ ಹೇಳಲಿಲ್ಲ. ಊಟ ಮುಗಿಸಿ, ಕೈ ತೊಳೆದು, ಟವೆಲಿನಿಂದ ಒರೆಸಿಕೊಳ್ಳುತ್ತಾ ಕೇಳಿದ: "ನಾನೂ ಬರ್ಲಾ ಮಗಾ?"

ಅಮ್ಮ, ನಾನು ಮುಖ ಮುಖ ನೋಡಿಕೊಂಡೆವು. ಅಪ್ಪ ಟೈಲರ್. ಹಬ್ಬದ ದಿನವೂ ಮಿಷನ್ ಬಿಟ್ಟು ಏಳುವ ಜಾತಿಯಲ್ಲ. ಅದಕ್ಕಿಂತ ಹೆಚ್ಚಾಗಿ, ಕುದುರೆಮುಖದ ಹೆಸರನ್ನು ಅವನಾಗಿಯೇ ಎತ್ತಿದ್ದನ್ನು ನಾನು ಕೇಳಿರಲಿಲ್ಲ. 1989ರಿಂದ 2006ರವರೆಗೆ, ಹದಿನೇಳು ವರ್ಷ, ಅವನ ಅಂಗಡಿ ಇದ್ದದ್ದು ಕುದುರೆಮುಖ ಟೌನ್‌ಶಿಪ್‌ನಲ್ಲಿ. ಗಣಿಗೆ ಹೋಗುವವರ ಸಮವಸ್ತ್ರ, ಅವರ ಮಕ್ಕಳ ಸ್ಕೂಲ್ ಯೂನಿಫಾರ್ಮ್, ಹೆಂಗಸರ ರವಿಕೆ ಎಲ್ಲ ಹೊಲಿಯುತ್ತಿದ್ದ. ಗಣಿ ನಿಂತಿತು, ಜನ ಹೋದರು, ಹೊಲಿಸುವವರಿಲ್ಲದ ಊರಿನಲ್ಲಿ ಟೈಲರ್ ಏನು ಮಾಡುತ್ತಾನೆ? ಮಿಷನ್ನನ್ನು ಗೂಡ್ಸ್ ಗಾಡಿಗೆ ಹಾಕಿಕೊಂಡು ಚಿಕ್ಕಮಗಳೂರಿಗೆ ಬಂದಾಗ ನನಗೆ ಐದು ವರ್ಷ. ನನಗೆ ನೆನಪಿರುವುದು ಎರಡೇ: ತಗಡಿನ ಮೇಲೆ ದಿನಗಟ್ಟಲೆ ಬೀಳುತ್ತಿದ್ದ ಮಳೆಯ ಸದ್ದು, ಮತ್ತು ನಾನು ಮಲಗುತ್ತಿದ್ದ ನೀಲಿ ಬಟ್ಟೆಯ ರಾಶಿ. ಇಲ್ಲಿ ಅಪ್ಪ ಮಾಡುವುದು ಇನ್ನೊಬ್ಬರ ಅಂಗಡಿಯಲ್ಲಿ ಆಲ್ಟರೇಶನ್ ಕೆಲಸ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಗಸ್ಟ್‌ನಲ್ಲಿ ಕೋಚಿಂಗ್ ಕ್ಲಾಸಿನಲ್ಲಿ 'ಅಭಿವೃದ್ಧಿ ಮತ್ತು ಪರಿಸರ' ಎಂಬ ವಿಷಯಕ್ಕೆ ಪ್ರಬಂಧ ಬರೆಸಿದ್ದರು. ನಾನು ಕುದುರೆಮುಖವನ್ನೇ ಉದಾಹರಣೆ ಮಾಡಿಕೊಂಡು ಬರೆದಿದ್ದೆ. ಕ್ಲಾಸಿನಲ್ಲಿ ನನ್ನದೇ ಹೆಚ್ಚು ಅಂಕ. ಮನೆಯಲ್ಲಿ ಅಂಕ ಹೇಳಿದ್ದೆ, ಏನು ಬರೆದೆ ಎಂದು ಹೇಳಿರಲಿಲ್ಲ.

ಕಳಸದ ದಾರಿ

ಬೆಳಗಿನ ಬಸ್ಸಿಗೆ ಅಪ್ಪ, ನಾನು ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನದೆ ಮುಂದೆ ಹೋದರೆ ಆ ದಾರಿಗೇ ಅವಮಾನ. ಅಪ್ಪ ಆರು ದೋಸೆ ತಿಂದ. ಮನೆಯಲ್ಲಿ ಮೂರಕ್ಕೆ 'ಸಾಕು' ಎನ್ನುವವನು. ಅಲ್ಲಿಂದ ಮುಂದೆ ಕಾಫಿ ತೋಟ, ಟೀ ತೋಟ, ತಿರುವಿನ ಮೇಲೆ ತಿರುವು. ಕಳಸ ಬರುವಷ್ಟರಲ್ಲಿ ಅವನು ಕಿಟಕಿಯಿಂದ ತಲೆ ತೆಗೆದಿರಲಿಲ್ಲ.

ರಾತ್ರಿ ಬಸ್ಸಿನಲ್ಲಿ ಬಂದಿದ್ದ ಗೆಳತಿಯರು ಕಳಸದಲ್ಲಿ ಕಾಯುತ್ತಿದ್ದರು. ಟ್ರೆಕ್ಕಿಗೆ ಅಪ್ಪನೂ ಬರುತ್ತಿದ್ದಾನೆ ಎಂದು ಕೇಳಿ ಮೊದಲು ಮುಖ ಸಣ್ಣಗೆ ಮಾಡಿಕೊಂಡಿದ್ದ ಅವರಿಗೆ, ಬಾಳೆಗಲ್‌ನಿಂದ ಮುಳ್ಳೋಡಿಗೆ ಹೋಗುವ ಜೀಪಿನಲ್ಲಿ ಅಪ್ಪ ಆಪದ್ಬಾಂಧವನಾದ. ಆ ರಸ್ತೆಯನ್ನು ರಸ್ತೆ ಎನ್ನುವುದು ಕಷ್ಟ. ಜೀಪು ಕಲ್ಲಿನಿಂದ ಕಲ್ಲಿಗೆ ಹಾರುತ್ತದೆ. ಒಬ್ಬಳು ಕಣ್ಣು ಮುಚ್ಚಿ 'ಅಂಕಲ್, ಅಂಕಲ್' ಎಂದು ಅಪ್ಪನ ತೋಳು ಹಿಡಿದು ಕುಳಿತವಳು ಹೋಂಸ್ಟೇ ಬರುವವರೆಗೂ ಬಿಡಲಿಲ್ಲ.

ಉಂಬಳ, ಸೋಮಾರಿ ಹುಡುಗ ಮತ್ತು ಹುಲ್ಲು

ಹೋಗುವ ಯೋಚನೆ ಇರುವವರಿಗೆ ಕೆಲವು ಮಾತು. ಕುದುರೆಮುಖಕ್ಕೆ ಮನಸ್ಸು ಬಂದಾಗ ಹೋಗಿ ಹತ್ತುವಂತಿಲ್ಲ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇದೆ, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇದೆ, ಗೈಡ್ ಇಲ್ಲದೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ. ಬ್ಯಾಗ್ ತೆರೆದು ಪ್ಲಾಸ್ಟಿಕ್ ಹುಡುಕುತ್ತಾರೆ. ಹೋಗಿ ಬರಲು ಹೆಚ್ಚುಕಡಿಮೆ 20 ಕಿಲೋಮೀಟರ್ ನಡಿಗೆ, ಸಂಜೆಯೊಳಗೆ ಕೆಳಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಳೆಗಾಲ ಮುಗಿದ ಹೊಸತರಲ್ಲಿ ಉಂಬಳ! ನಮ್ಮ ಬೆಂಗಳೂರಿನ ಗೆಳತಿಯರು ಎಂಥದೋ ದುಬಾರಿ ಸ್ಪ್ರೇ ತಂದಿದ್ದರು. ಅಪ್ಪ ಜೇಬಿನಿಂದ ಹೊಗೆಸೊಪ್ಪಿನ ಪುಡಿ, ಸುಣ್ಣ ತೆಗೆದು ಎಲ್ಲರ ಸಾಕ್ಸಿಗೂ ತಿಕ್ಕಿದ. ಸ್ಪ್ರೇ ಗೆದ್ದಿತೋ ಸುಣ್ಣ ಗೆದ್ದಿತೋ ಗೊತ್ತಿಲ್ಲ. ಸಂಜೆ ಎಣಿಸಿದಾಗ ನನಗೆ ಕಚ್ಚಿದ್ದು ಮೂರು, ಅಪ್ಪನಿಗೆ ಒಂದೂ ಇಲ್ಲ.

ಮಾರನೇ ದಿನ ಬೆಳಿಗ್ಗೆ ಹೊರಟಾಗ ಮಂಜು. ಹತ್ತು ಹೆಜ್ಜೆ ಮುಂದಿನವರು ಕಾಣಿಸುತ್ತಿರಲಿಲ್ಲ. ಹಳ್ಳದ ಹತ್ತಿರ ಯಾರೋ ಸಿಳ್ಳೆ ಹಾಕುತ್ತಿರುವುದು ಕೇಳಿಸಿತು. ರಾಗ ಗೊತ್ತಿಲ್ಲದ ಹುಡುಗ ಸುಮ್ಮನೆ ಊದಿಕೊಂಡು ಹೋಗುವ ಹಾಗೆ. "ಅದು ಮನುಷ್ಯ ಅಲ್ಲ, ಹಕ್ಕಿ" ಎಂದರು ಗೈಡ್. ಮಲಬಾರ್ ವಿಸ್ಲಿಂಗ್ ಥ್ರಷ್. ಶಾಲೆ ತಪ್ಪಿಸಿ ಅಲೆಯುವ ಸೋಮಾರಿ ಹುಡುಗನ ಸಿಳ್ಳೆಯಂತೆ ಇರುವುದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ಅದೇ ಅಡ್ಡಹೆಸರು. "ನನ್ನ ಹಾಗೇ, ಕೆಲಸ ಇಲ್ಲ" ಎಂದೆ. ಎಲ್ಲರೂ ನಕ್ಕರು, ಅಪ್ಪ ಮಾತ್ರ ನಗಲಿಲ್ಲ.

ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಈ ಮೂರು ಜಿಲ್ಲೆಗಳಲ್ಲಿ ಹರಡಿದ ಸುಮಾರು 600 ಚದರ ಕಿಲೋಮೀಟರ್ ಕಾಡು. ಇದನ್ನೆಲ್ಲ ನಾನು ಬಾಯಿಪಾಠ ಮಾಡಿದ್ದೆ. 'ಶೋಲಾ ಕಾಡು ಮತ್ತು ಹುಲ್ಲುಗಾವಲು' ಎಂದೂ ಬರೆದಿದ್ದೆ. ಕಣ್ಣಾರೆ ನೋಡಿದಾಗ ಗೊತ್ತಾಗಿದ್ದು ಬೇರೆಯೇ. ಗುಡ್ಡದ ಮೈಯೆಲ್ಲ ಹುಲ್ಲು, ಎರಡು ಗುಡ್ಡ ಸೇರುವ ಕಣಿವೆಯಲ್ಲಿ ಮಾತ್ರ ಒತ್ತಾದ ಕುಳ್ಳ ಮರಗಳ ಕಾಡು. ಮೇಲೆ ನಿಂತು ನೋಡಿದರೆ ಹಸಿರು ಸೀರೆಯ ನೆರಿಗೆಯಲ್ಲಿ ಕಡು ಹಸಿರಿನ ಪಟ್ಟಿ ಹೊಲಿದಂತೆ. ಈ ಹೋಲಿಕೆ ನನ್ನದಲ್ಲ, ಅಪ್ಪನದು.

"ಈ ಹುಲ್ಲನ್ನ ನೋಡಿ ಬೋಳು ಗುಡ್ಡ ಅಂತಾರೆ ಮೇಡಂ. ಇದೇ ನೀರಿನ ತಿಜೋರಿ" ಎಂದರು ಗೈಡ್. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 7,000 ಮಿಲಿಮೀಟರ್. ಹುಲ್ಲಿನ ಬೇರು ಮತ್ತು ಶೋಲಾದ ಮಣ್ಣು ಅದನ್ನು ಹೀರಿ ಹಿಡಿದುಕೊಂಡು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ತೊಟ್ಟಿಕ್ಕುತ್ತಾ ಹಳ್ಳಕ್ಕೆ ಬಿಡುತ್ತವೆ. ತುಂಗಾ ಮತ್ತು ಭದ್ರಾ ಹುಟ್ಟುವ ಗಂಗಾಮೂಲ ಇರುವುದು ಇದೇ ಬೆಟ್ಟಸಾಲಿನಲ್ಲಿ. ನೇತ್ರಾವತಿಗೂ ನೀರು ಕೊಡುವುದು ಇವೇ ಬೆಟ್ಟಗಳು. ಶಿವಮೊಗ್ಗದವರು ಕುಡಿಯುವುದು, ದಾವಣಗೆರೆಯ ಗದ್ದೆಗೆ ಹೋಗುವುದು, ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಲ್ಲುವುದು, ಪಶ್ಚಿಮಕ್ಕಿಳಿದು ಮಂಗಳೂರಿಗೆ ಹೋಗುವುದು ಎಲ್ಲದಕ್ಕೂ ಈ ಹುಲ್ಲಿನ ಋಣ ಇದೆ.

ಒಂಟಿಮರ ಎಂಬ ಜಾಗ ತಲುಪುವಾಗ ಅಪ್ಪ ಏದುಸಿರು ಬಿಡುತ್ತಿದ್ದ. ಸುತ್ತ ಹುಲ್ಲಿನ ನಡುವೆ ಒಂದೇ ಮರ. "ನಾನಿಲ್ಲೇ ಕೂರ್ತೀನಿ. ನೀವು ಹೋಗಿ ಬನ್ನಿ" ಎಂದು ಕುಳಿತೇಬಿಟ್ಟ. ಗೈಡ್ ಜೊತೆಗೆ ಬಂದಿದ್ದ ಹುಡುಗನೊಬ್ಬ ಅವನ ಜೊತೆ ಉಳಿದ.

"ಹದಿನೇಳು ವರ್ಷ ಇಲ್ಲಿದ್ದೂ ನೀನು ಒಂದ್ಸಲನೂ ಈ ಗುಡ್ಡ ಹತ್ತಿಲ್ವಾ ಅಪ್ಪ?" ಎಂದು ಕೇಳಿದೆ.

"ಗುಡ್ಡ ಹತ್ತೋಕೆ ಪುರುಸೊತ್ತು ಬೇಕಲ್ಲ ಮಗಾ" ಎಂದ.

ತುದಿಯ ಎತ್ತರ ಸುಮಾರು 1,890 ಮೀಟರ್. ಸಂಸೆಯ ಕಡೆಯಿಂದ ಹತ್ತುತ್ತಿದ್ದುದರಿಂದ ಹಿಂದೆ ಇದನ್ನು ಸಂಸೆಪರ್ವತ ಎಂದೂ ಕರೆಯುತ್ತಿದ್ದರಂತೆ. ಪಶ್ಚಿಮದಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುವುದರಿಂದ ಈಗಿನ ಹೆಸರು. ನಾವು ಹೋದಾಗ ಕುದುರೆಯೂ ಇಲ್ಲ, ಮುಖವೂ ಇಲ್ಲ, ಬರೀ ಬಿಳಿ ಗೋಡೆ. ಮುಕ್ಕಾಲು ಗಂಟೆ ನಡುಗುತ್ತಾ ಕುಳಿತ ಮೇಲೆ ಐದೇ ನಿಮಿಷ ಮಂಜು ಸರಿಯಿತು. ಕಾಲಡಿಯಲ್ಲಿ ಗುಡ್ಡ ಸಟ್ಟನೆ ಕಡಿದು ಕರಾವಳಿಗೆ ಇಳಿದಿತ್ತು. ಗೆಳತಿಯರು ಫೋಟೋ ತೆಗೆಯುವುದರಲ್ಲಿದ್ದರು. ನನಗೆ ಯಾಕೋ ಕೆಳಗೆ ಮರದಡಿ ಕುಳಿತ ಅಪ್ಪನದೇ ಯೋಚನೆ.

ಎರಡು ಕಡೆಯ ಮಾತು

ಸಂಜೆ ಹೋಂಸ್ಟೇ ಜಗಲಿಯಲ್ಲಿ ಬಿಸಿನೀರಿಗೆ ಕಾಲಿಟ್ಟು ಕುಳಿತಿದ್ದೆವು. ಗೈಡ್, ಅಪ್ಪ ಒಂದೇ ವಯಸ್ಸಿನವರು. ಮಾತು ತಾನಾಗಿಯೇ ಗಣಿಯ ಕಡೆ ಹೊರಳಿತು.

ಓದುವವರಿಗಾಗಿ ಸ್ವಲ್ಪ ಹಿನ್ನೆಲೆ. ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾದದ್ದು 1976ರಲ್ಲಿ, ಅದಿರನ್ನು ಇರಾನಿಗೆ ಕೊಡುವ ಒಪ್ಪಂದದ ಮೇಲೆ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಬಿದ್ದುಹೋಯಿತು. ಕಂಪನಿ ಬೇರೆ ದೇಶಗಳಿಗೆ ಮಾರಿತು. ಇಲ್ಲಿನದು ಕಬ್ಬಿಣದ ಅಂಶ ಕಡಿಮೆ ಇರುವ ಅದಿರು. ಅದನ್ನು ಪುಡಿ ಮಾಡಿ, ಬೇರ್ಪಡಿಸಿ, ನೀರಿನಲ್ಲಿ ಕದಡಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಹೂಳು ನಿಲ್ಲಲೆಂದೇ ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದ್ದರು. ಗಣಿಯ ಗುತ್ತಿಗೆ 1999ಕ್ಕೆ ಮುಗಿಯಿತು. ಮುಂದುವರಿಸಬೇಕೋ ಬೇಡವೋ ಎಂಬ ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಅದರಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು.

"ನಮ್ಮ ಮಾವನ ಮನೆ ಕಳಸದ ಹತ್ತಿರ, ಹೊಳೆ ದಂಡೆ ಮೇಲೆ" ಎಂದರು ಗೈಡ್. "ಮಳೆಗಾಲ ಬಂತು ಅಂದ್ರೆ ಭದ್ರೆ ಕೆಂಪಗೆ ಬರ್ತಿತ್ತು. ಗದ್ದೆ ಮೇಲೆ ನೀರು ಹತ್ತಿ ಇಳಿದರೆ ಅಂಟು ಹೂಳು. ಗಣಿ ನಿಂತಿದ್ದು ಒಳ್ಳೇದೇ ಆಯ್ತು."

ಅಪ್ಪ ತಲೆಯಾಡಿಸಿದ. "ಹೌದು, ಆ ಕೆಂಪು ನೀರು ನಾನೂ ನೋಡಿದೀನಿ. ಆದ್ರೆ ಆ ಕೆಂಪು ಮಣ್ಣು ಮೆತ್ತಿದ ಬಟ್ಟೆಯಿಂದಲೇ ನನ್ನ ಮನೆ ನಡೀತಿತ್ತು."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ಗೈಡ್ ನಿಧಾನಕ್ಕೆ ಹೇಳಿದರು: "ನಮ್ಮ ಕಥೆಯೂ ಅದೇ ಈಗ. ಪಾರ್ಕಿನ ಒಳಗಿನ ಮನೆಗಳವರು ಇಷ್ಟ ಇದ್ದರೆ ಪರಿಹಾರ ತಗೊಂಡು ಹೊರಗೆ ಹೋಗಬಹುದು ಅಂತಾರೆ. ನಮ್ಮ ಪಕ್ಕದ ಮನೆಯವರು ಹೋದ್ರು. ನನಗೆ ಇನ್ನೂ ಮನಸ್ಸು ಬಂದಿಲ್ಲ. ಮಗ ಹೋಗೋಣ ಅಂತಾನೆ. ಅವನಿಗೂ ಮದುವೆಗೆ ಹೆಣ್ಣು ಸಿಗಬೇಕಲ್ಲ."

ನನ್ನ ಪ್ರಬಂಧದಲ್ಲಿ 'ಪರ' ಎಂದೊಂದು ಪ್ಯಾರಾ, 'ವಿರೋಧ' ಎಂದೊಂದು ಪ್ಯಾರಾ ಇತ್ತು. ಪರ ಎಂದರೆ ಪರಿಸರವಾದಿಗಳು, ವಿರೋಧ ಎಂದರೆ ಕಂಪನಿ. ಈ ಜಗಲಿಯಲ್ಲಿ ಕುಳಿತ ಇಬ್ಬರಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ಬಾಗಿಲು ಮುಚ್ಚಿದ ಊರು

ಮರುದಿನ ಗೆಳತಿಯರು ಹನುಮಾನ್‌ಗುಂಡಿ ಜಲಪಾತ ನೋಡಲು ಹೋದರು. ಅಪ್ಪ, ನಾನು ಕುದುರೆಮುಖ ಪೇಟೆಯಲ್ಲಿ ಇಳಿದೆವು. ದಾರಿಯ ಒಂದು ತಿರುವಿನಲ್ಲಿ ಬಸ್ಸು ನಿಧಾನವಾದಾಗ ಅಪ್ಪ ಕಿಟಕಿಯಾಚೆ ಕೈ ತೋರಿಸಿದ. ಎತ್ತರದ ಮರದಲ್ಲಿ ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಣ್ಣ ಕುಚ್ಚು. ಸಿಂಗಳೀಕ! ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲದ ಪ್ರಾಣಿ. ಮರದಿಂದ ಮರಕ್ಕೇ ಓಡಾಡಿ ಬದುಕುವ ಇದಕ್ಕೆ ಕಾಡು ನಡುವೆ ಕಡಿದುಹೋಗಬಾರದು. 1980ರ ದಶಕದಲ್ಲಿ ಉಲ್ಲಾಸ ಕಾರಂತರು ಇಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿದ್ದು ಈ ಕಾಡು ರಾಷ್ಟ್ರೀಯ ಉದ್ಯಾನವಾಗಲು ಒಂದು ಮುಖ್ಯ ಕಾರಣ. ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು.

"ಆಗ ಎಷ್ಟೋ ಸಲ ನೋಡಿದ್ದೆ. ಮಂಗ ಅಂತ ಸುಮ್ಮನಾಗ್ತಿದ್ವಿ. ಇದಕ್ಕೆ ಇಷ್ಟು ಬೆಲೆ ಅಂತ ಯಾರಿಗೆ ಗೊತ್ತಿತ್ತು" ಎಂದ ಅಪ್ಪ.

ಪೇಟೆಯಲ್ಲಿ ಓಡಾಡುವವರು ಬೆರಳೆಣಿಕೆ. ಸಾಲು ಸಾಲು ಕ್ವಾರ್ಟರ್ಸ್, ಬಹಳಷ್ಟಕ್ಕೆ ಬಾಗಿಲು ಮುಚ್ಚಿದೆ. ಗೋಡೆಯ ಮೇಲೆ ಪಾಚಿ, ಕಿಟಕಿಯಿಂದ ಹೊರಬಂದ ಬಳ್ಳಿ. ಗಣಿಯ ಕಡೆ ಹೋಗಲು ಅನುಮತಿ ಇಲ್ಲ. ಅಪ್ಪ ಯಾರನ್ನೂ ದಾರಿ ಕೇಳಲಿಲ್ಲ. ನೇರ ಹೋಗಿ ತುಕ್ಕು ಹಿಡಿದ ಒಂದು ಶಟರ್ ಮುಂದೆ ನಿಂತ. ಅದರ ಪಕ್ಕದ ಗೋಡೆಯ ಮೇಲೆ ಕೈಯಾಡಿಸಿದ. ಪಾಚಿ ಒರೆಸಿದಾಗ ಪೆನ್ಸಿಲ್‌ನಿಂದಲ್ಲ, ಯಾವುದೋ ಚೂಪಾದ ವಸ್ತುವಿನಿಂದ ಗೀಚಿದ ಅಡ್ಡ ಗೆರೆಗಳು ಕಂಡವು. ನೆಲದಿಂದ ಮೇಲಕ್ಕೆ, ಒಂದರ ಮೇಲೊಂದು, ನಾಲ್ಕು ಗೆರೆ.

"ನಿನ್ನ ಎತ್ತರ. ಪ್ರತಿ ಹುಟ್ಟುಹಬ್ಬಕ್ಕೆ ಟೇಪ್ ಹಿಡಿದು, ಕತ್ತರಿ ತುದಿಯಿಂದ ಗೀಚ್ತಿದ್ದೆ. ಐದನೇದು ಹಾಕೋಕೆ ಆಗ್ಲಿಲ್ಲ."

ನಾನು ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದೆ. ಆಗ ಅಪ್ಪ ಹೇಳಿದ: "ನಿನ್ನ ಪ್ರಬಂಧ ಓದಿದೆ ಮಗಾ."

ನನ್ನ ಎದೆ ಧಸಕ್ಕೆಂದಿತು. ನನ್ನ ಹಳೆಯ ನೋಟ್ಸ್, ಉತ್ತರಪತ್ರಿಕೆಗಳನ್ನೆಲ್ಲ ಅಪ್ಪ ಪೇಪರ್ ಕಟಿಂಗಿಗೆ ಬಳಸುತ್ತಾನೆ. ರವಿಕೆಯ ತೋಳಿನ ಅಳತೆಗೆ ಕಾಗದ ಮಡಿಸುವಾಗ ಅದು ಸಿಕ್ಕಿದೆ. 'ಕುದುರೆಮುಖದಲ್ಲಿ ಗಣಿಗಾರಿಕೆ ನಿಂತದ್ದು ನಾಡಿನ ಪರಿಸರ ಹೋರಾಟದ ಸಂಪೂರ್ಣ ಗೆಲುವು' ಎಂಬ ನನ್ನ ಮೊದಲ ವಾಕ್ಯ ನೆನಪಾಗಿ ಮುಖ ಬಿಸಿಯಾಯಿತು.

"ತಪ್ಪಾಗಿ ಬರೆದಿದೀನಾ ಅಪ್ಪ?"

"ಇಲ್ಲ. ನಿನ್ನೆ ಮೊನ್ನೆ ಆ ಹಳ್ಳದ ನೀರು ನೋಡಿದ ಮೇಲೆ ಹೇಳ್ತೀನಿ, ನೀನು ಬರೆದಿದ್ದು ಸರಿಯೇ ಇದೆ. ನಿಲ್ಲಬೇಕಾಗಿದ್ದು ನಿಂತಿದೆ." ಸ್ವಲ್ಪ ತಡೆದು ಹೇಳಿದ: "ಆದ್ರೆ ನಾವೂ ಇದ್ವಲ್ಲ ಇಲ್ಲಿ. ಒಂದು ಸಾಲು ಬರೀಬಹುದಿತ್ತು."

ಅಷ್ಟೇ ಹೇಳಿದ್ದು. ಸಿಟ್ಟಿರಲಿಲ್ಲ, ದೂರಿರಲಿಲ್ಲ. ಆಮೇಲೆ ಇಬ್ಬರೂ ಅಲ್ಲೇ ಹತ್ತಿರದ ಹೋಟೆಲಿನಲ್ಲಿ ಟೀ ಕುಡಿದೆವು. ಹೋಟೆಲಿನವನು ಅಪ್ಪನ ಗುರುತು ಹಿಡಿಯಲಿಲ್ಲ, ಅವನು ಹೊಸಬ. ಅಪ್ಪ ತಾನಾಗಿ ಹೇಳಿಕೊಳ್ಳಲೂ ಇಲ್ಲ.

ಎರಡು ಅಂಕ ಕಡಿಮೆ

ಟ್ರೆಕ್ಕಿಂಗ್ ಹೋಗಿ ಬಂದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಕೆಲಸ ಇನ್ನೂ ಸಿಕ್ಕಿಲ್ಲ. ಗಸ್ತು ಅರಣ್ಯ ಪಾಲಕ ಹುದ್ದೆಗೆ ಮತ್ತೆ ಕರೆದರೆ ಅರ್ಜಿ ಹಾಕಬೇಕೆಂದು ಬೆಳಿಗ್ಗೆ ಎದ್ದು ಮೈದಾನದಲ್ಲಿ ಓಡಲು ಶುರುಮಾಡಿದ್ದೇನೆ. ಹಿಂದೆ ಸರ್ಕಾರಿ ಕೆಲಸ ಎಂದರೆ ಯಾವುದಾದರೂ ಸರಿ ಎಂದಿದ್ದೆ. ಈಗ ಆ ಹುಲ್ಲು, ಆ ಶೋಲಾ, ಅದರೊಳಗಿನ ಮನೆಗಳನ್ನು ಕಾಯುವ ಕೆಲಸ ಎಂದರೆ ಏನೆಂದು ಸ್ವಲ್ಪ ಗೊತ್ತಾಗಿದೆ. ಕಾಡಿನ ಗಡಿಯಲ್ಲಿ ನಿಲ್ಲುವ ಸಿಬ್ಬಂದಿಗೆ ಸಿಂಗಳೀಕದ ಲೆಕ್ಕ ಎಷ್ಟು ಗೊತ್ತಿರಬೇಕೋ, ಜಗಲಿಯ ಮೇಲೆ ಕುಳಿತವರ ಲೆಕ್ಕವೂ ಅಷ್ಟೇ ಗೊತ್ತಿರಬೇಕು ಎನ್ನಿಸುತ್ತದೆ.

ಕಳೆದ ವಾರ ಕೋಚಿಂಗ್ ಕ್ಲಾಸಿನಲ್ಲಿ ಅದೇ ವಿಷಯಕ್ಕೆ ಮತ್ತೆ ಪ್ರಬಂಧ ಬರೆಸಿದರು. ನಾನು ಕುದುರೆಮುಖವನ್ನೇ ಬರೆದೆ. ಗಣಿ ನಿಂತದ್ದು ಸರಿ ಎಂದೇ ಬರೆದೆ. ಮೂರು ನದಿಗಳ ನೀರಿನ ಮುಂದೆ ಬೇರೆ ಉತ್ತರ ಇಲ್ಲ. ಆದರೆ 'ಸಂಪೂರ್ಣ' ಎಂಬ ಪದ ತೆಗೆದೆ. ಅದರ ಜಾಗದಲ್ಲಿ, ಒಂದು ಊರು ಮುಚ್ಚುವಾಗ ಕಂಪನಿಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಟೈಲರ್, ಕ್ಷೌರಿಕ, ಟೀ ಅಂಗಡಿಯವನು ಎಲ್ಲಿ ಹೋಗುತ್ತಾರೆ ಎಂದು ತೀರ್ಮಾನಕ್ಕೆ ಮೊದಲೇ ಕೇಳಬೇಕು ಎಂದು ಒಂದು ಪ್ಯಾರಾ ಸೇರಿಸಿದೆ.

ಮೇಷ್ಟ್ರು ಆ ಪ್ಯಾರಾಕ್ಕೆ ಕೆಂಪು ಗೆರೆ ಎಳೆದು 'ವಿಷಯಾಂತರ' ಎಂದು ಬರೆದಿದ್ದಾರೆ. ಹಿಂದಿನ ಸಲಕ್ಕಿಂತ ಎರಡು ಅಂಕ ಕಡಿಮೆ.

ಆ ಹಾಳೆಯನ್ನು ಈ ಸಲ ನಾನೇ ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದ. ಕೆಂಪು ಗೆರೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತ. ಆಮೇಲೆ ಮಡಿಸಿ, ಮಿಷನ್ನಿನ ಡ್ರಾಯರಿನಲ್ಲಿ ಇಟ್ಟ. ಕಟಿಂಗಿನ ಕಾಗದ ಇಡುವುದು ಆ ಡ್ರಾಯರಿನಲ್ಲಲ್ಲ.